ಹೆಸರಿಲ್ಲದ ಹೆಣ್ಣು ಮಗು, 1960: ಪೌರತ್ವ ಮಣ್ಣಿಂದ ಬರುತ್ತಾ, ರಕ್ತದಿಂದ ಬರುತ್ತಾ?

ಈ ಸಲದ ಎಪಿಸೋಡ್ ಶುರುವಾಗೋದು ಜಯನಗರ 4ನೇ ಟಿ ಬ್ಲಾಕ್‌ನಲ್ಲಿರೋ ನಮ್ಮ ಅಜ್ಜಿ ಮನೆಯಿಂದ. ಅಟ್ಟದಿಂದ ಇಳಿಸಿದ ಕಬ್ಬಿಣದ ಟ್ರಂಕು ನಡುಮನೆಯಲ್ಲಿ ಬಾಯಿ ತೆರೆದು ಕೂತಿದೆ. ಸುತ್ತ ಹಳೇ ಲಗ್ನಪತ್ರಿಕೆಗಳು, ರೇಷನ್ ಕಾರ್ಡು, ಎಲ್‌ಐಸಿ ಬಾಂಡು, ನುಸಿಗುಳಿಗೆ ವಾಸನೆ. ಸೋಫಾ ಮೇಲೆ ಆನಿಸಿಟ್ಟ ನನ್ನ ಫೋನಿನಲ್ಲಿ ವಿಡಿಯೋ ಕಾಲ್. ಆ ಕಡೆ ಇಂಗ್ಲೆಂಡಿನಿಂದ ನಮ್ಮ ದೊಡ್ಡಮ್ಮನ ಮಗ. ನನಗೆ ಅಣ್ಣ ಆಗಬೇಕು.

ವಿಷಯ ಇಷ್ಟು. ಅಣ್ಣ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಅದಕ್ಕೆ ಅವನ ಅಮ್ಮ, ಅಂದ್ರೆ ನಮ್ಮ ದೊಡ್ಡಮ್ಮ, ಭಾರತದ ಪ್ರಜೆಯಾಗಿದ್ದಳು ಅನ್ನೋದಕ್ಕೆ ದಾಖಲೆ ಬೇಕು. ದೊಡ್ಡಮ್ಮ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅಲ್ಲಿನ ಮನೆ ಖಾಲಿ ಮಾಡುವಾಗ ಅವಳ ಹಳೇ ಭಾರತೀಯ ಪಾಸ್‌ಪೋರ್ಟ್ ಎಲ್ಲೋ ಕಳೆದುಹೋಯ್ತು. ಅಜ್ಜಿಗೆ ಈಗ 87. ಮೊಮ್ಮಗನಿಗೆ ಪ್ರತೀ ಸಲ ವೀಸಾಕ್ಕೆ ಕಾಯದೆ, ಫೋನ್ ಬಂದ ರಾತ್ರಿಯೇ ವಿಮಾನ ಹತ್ತೋ ಹಾಗಿರಬೇಕು. ಅವನಿಗೆ ಬೇಕಿರೋದು ಅಷ್ಟೇ.

ಅಜ್ಜಿ ಇದನ್ನೆಲ್ಲ ನೋಡ್ತಾ ಕೇಳಿದ್ದು ಒಂದೇ ಪ್ರಶ್ನೆ: "ಅವನು ನನ್ನ ಮೊಮ್ಮಗ ಅಂತ ಹೇಳೋದಕ್ಕೆ ನಾನು ಸಾಲದೇನೋ?"

ಈ ಎಪಿಸೋಡ್ ಅಜ್ಜಿಯ ಈ ಪ್ರಶ್ನೆಗೆ ಉತ್ತರ. ಮೊದಲೇ ಹೇಳಿಬಿಡ್ತೀನಿ, ನಾನು ಲಾಯರ್ ಅಲ್ಲ, ಬಿ.ಕಾಂ. ಓದಿದವನು. ಇದು ಕಾನೂನು ಸಲಹೆ ಅಲ್ಲ, ಚರಿತ್ರೆ.

ಅಜ್ಜಿ ಹುಟ್ಟಿದಾಗ ಯಾವ ದೇಶದವಳು?

ಅಜ್ಜಿ ಹುಟ್ಟಿದ್ದು 1938ರಲ್ಲಿ, ಚಾಮರಾಜಪೇಟೆಯ ಒಂದು ಮನೆಯಲ್ಲಿ, ಸೂಲಗಿತ್ತಿ ಕೈಯಲ್ಲಿ. ಆಗ ಚಾಮರಾಜಪೇಟೆ, ಬಸವನಗುಡಿ ಎಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ ಊರು. ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಕಬ್ಬನ್ ಪಾರ್ಕಿನ ಆಚೆ ಕಡೆ ಇದ್ದ ದಂಡು ಪ್ರದೇಶದ ಕಥೆಯೇ ಬೇರೆ. 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಅನ್ನೋ ಹೆಸರಲ್ಲಿ ಅಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತ. ಅದು ಮತ್ತೆ ಮೈಸೂರಿಗೆ ಸೇರಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಮುಂಚೆ.

ಮದರಾಸಿನಲ್ಲೋ ಧಾರವಾಡದಲ್ಲೋ ಹುಟ್ಟಿದವರು ಕಾನೂನಿನ ಕಣ್ಣಲ್ಲಿ 'ಬ್ರಿಟಿಷ್ ಸಬ್ಜೆಕ್ಟ್'. ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವರು ಹಾಗಲ್ಲ. ಅವರು ಮಹಾರಾಜರ ಪ್ರಜೆ. ಬ್ರಿಟಿಷರ ಲೆಕ್ಕದಲ್ಲಿ ಅವರಿಗಿದ್ದ ಹೆಸರು 'ಬ್ರಿಟಿಷ್ ಪ್ರೊಟೆಕ್ಟೆಡ್ ಪರ್ಸನ್', ಅಂದ್ರೆ ಬ್ರಿಟಿಷರ ರಕ್ಷಣೆಯಲ್ಲಿ ಇರುವ ವ್ಯಕ್ತಿ. ಹಾಗಾಗಿ ಚಾಮರಾಜಪೇಟೆಯ ನಮ್ಮ ಅಜ್ಜಿ ಮತ್ತು ಅದೇ ವರ್ಷ ಹುಬ್ಬಳ್ಳಿಯಲ್ಲಿ ಹುಟ್ಟಿದ ಇನ್ನೊಬ್ಬ ಅಜ್ಜಿ, ಇಬ್ಬರೂ ಕನ್ನಡವನ್ನೇ ಆಡಿದರೂ, ಕಾಗದದ ಮೇಲೆ ಬೇರೆ ಬೇರೆ ಥರದ ಜನ.

ಇದು ಬದಲಾಗಿದ್ದು 1949ರ ನವೆಂಬರ್ 26ಕ್ಕೆ. ಸಂವಿಧಾನ ಜಾರಿಗೆ ಬಂದಿದ್ದು 1950ರ ಜನವರಿ 26ಕ್ಕೆ ಅಂತ ನಾವೆಲ್ಲ ಸ್ಕೂಲಲ್ಲಿ ಓದಿದ್ದೀವಿ. ಆದರೆ ಕೆಲವು ವಿಧಿಗಳು ಅಂಗೀಕಾರವಾದ ದಿನವೇ ಜಾರಿಗೆ ಬಂದವು. ಪೌರತ್ವದ ವಿಧಿಗಳು, 5ರಿಂದ 9ರವರೆಗೆ, ಅವುಗಳಲ್ಲಿ ಸೇರಿವೆ. ದೇಶ ಗಣರಾಜ್ಯ ಆಗೋದಕ್ಕೆ ಎರಡು ತಿಂಗಳು ಮುಂಚೆಯೇ ಅದರ ಪ್ರಜೆಗಳು ಯಾರು ಅಂತ ಬರೆದಾಗಿತ್ತು. ಈ ವಿಧಿಯಷ್ಟು ತಲೆನೋವು ಕೊಟ್ಟಿದ್ದು ಇನ್ನೊಂದೇ ಒಂದು ಅಂತ ಅಂಬೇಡ್ಕರ್ ಅವರೇ 1949ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಗಡಿ ದಾಟುತ್ತಿದ್ದ ಕಾಲ ಅದು.

5ನೇ ವಿಧಿ ಹೇಳಿದ್ದು ಸರಳ. ಭಾರತದಲ್ಲಿ ನೆಲೆ ಇರಬೇಕು. ಜೊತೆಗೆ ಮೂರರಲ್ಲಿ ಒಂದಾದರೂ ನಿಜವಾಗಿರಬೇಕು: ನೀವು ಇಲ್ಲಿ ಹುಟ್ಟಿರಬೇಕು, ಅಥವಾ ನಿಮ್ಮ ತಂದೆ ತಾಯಿಯಲ್ಲಿ ಒಬ್ಬರು ಇಲ್ಲಿ ಹುಟ್ಟಿರಬೇಕು, ಅಥವಾ ಐದು ವರ್ಷದಿಂದ ಇಲ್ಲಿ ವಾಸ ಇರಬೇಕು. 11 ವರ್ಷದ ನಮ್ಮ ಅಜ್ಜಿ, ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಾ, ಯಾವ ಅರ್ಜಿಯನ್ನೂ ಹಾಕದೆ ಅವತ್ತು ಭಾರತದ ಪ್ರಜೆ ಆದಳು.

ಸಂವಿಧಾನ ಅಮ್ಮನನ್ನು ಎಣಿಸಿತ್ತು

5ನೇ ವಿಧಿಯ ಪದಗಳನ್ನ ಇನ್ನೊಮ್ಮೆ ನೋಡಿ. ತಂದೆ ತಾಯಿಯಲ್ಲಿ 'ಯಾರಾದರೂ ಒಬ್ಬರು'. 8ನೇ ವಿಧಿ ಇನ್ನೂ ಮುಂದೆ ಹೋಗುತ್ತೆ. ಸಿಲೋನ್, ಮಲಯ, ಆಫ್ರಿಕಾದಂಥ ಕಡೆ ನೆಲೆಸಿದ್ದ ಭಾರತ ಮೂಲದವರಿಗೆ ಅದು ದಾರಿ ಮಾಡಿಕೊಟ್ಟಿತು. ಅವರ ತಂದೆ, ತಾಯಿ, ಅಥವಾ ಅಜ್ಜ ಅಜ್ಜಿಯರಲ್ಲಿ ಯಾರೇ ಒಬ್ಬರು ಅವಿಭಜಿತ ಭಾರತದಲ್ಲಿ ಹುಟ್ಟಿದ್ದರೂ, ಅವರು ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಂಡು ಪ್ರಜೆ ಆಗಬಹುದಿತ್ತು. ಆ 'ಭಾರತ'ದ ವ್ಯಾಖ್ಯೆಯಲ್ಲಿ ಮೈಸೂರಿನಂಥ ಸಂಸ್ಥಾನಗಳೂ ಸೇರಿದ್ದವು. ಅಮ್ಮನ ಅಮ್ಮ ಚಾಮರಾಜಪೇಟೆಯವಳು ಅಂದ್ರೆ ಸಾಕಾಗಿತ್ತು.

ಆರು ವರ್ಷ ಆದ್ಮೇಲೆ 1955ರ ಪೌರತ್ವ ಕಾಯ್ದೆ ಬಂತು. ಅದರ 3ನೇ ಸೆಕ್ಷನ್ ಮಣ್ಣಿನದು: ಭಾರತದಲ್ಲಿ ಹುಟ್ಟಿದವರು, ಒಂದೆರಡು ವಿನಾಯಿತಿ ಬಿಟ್ಟರೆ, ಎಲ್ಲರೂ ಪ್ರಜೆಗಳು. 4ನೇ ಸೆಕ್ಷನ್ ರಕ್ತದ್ದು: ಹೊರದೇಶದಲ್ಲಿ ಹುಟ್ಟಿದ ಮಗು ವಂಶದ ಮೂಲಕ ಭಾರತದ ಪ್ರಜೆ ಆಗಬೇಕು ಅಂದ್ರೆ, ಹುಟ್ಟುವಾಗ ಅದರ ತಂದೆ ಭಾರತದ ಪ್ರಜೆ ಆಗಿರಬೇಕು. ತಂದೆ ಮಾತ್ರ. ತಾಯಿಯ ಹೆಸರೇ ಅಲ್ಲಿಲ್ಲ.

ಬ್ರಿಟನ್ನಿನ 1948ರ ಕಾಯ್ದೆಯಲ್ಲೂ ವಂಶದ ಪೌರತ್ವ ಅಪ್ಪನಿಂದಲೇ ಬರುತ್ತಿತ್ತು. ಹೆಂಡತಿ, ಮಕ್ಕಳು ಮನೆಯ ಯಜಮಾನನ ಜೊತೆಗೇ ಲೆಕ್ಕ ಅನ್ನೋದು ಆ ಕಾಲದ ಬಹುತೇಕ ದೇಶಗಳ ಯೋಚನೆ. ವಿಚಿತ್ರ ಏನಂದ್ರೆ, ಅದೇ 1955ರ ಕಾಯ್ದೆಯ 5ನೇ ಸೆಕ್ಷನ್ 'ಭಾರತ ಮೂಲದ ವ್ಯಕ್ತಿ'ಯನ್ನು ಗುರುತಿಸುವಾಗ ಅಜ್ಜಿಯರನ್ನೂ ಒಪ್ಪುತ್ತೆ. ಅರ್ಜಿ ಹಾಕಿ ಕಾಯೋಕೆ ಅಜ್ಜಿ ಸಾಕು, ಹುಟ್ಟುತ್ತಲೇ ಹಕ್ಕು ಸಿಗೋಕೆ ಅಮ್ಮನೂ ಸಾಲಳು!

ಒಂದೇ ತಾಯಿಯ ಇಬ್ಬರು ಮಕ್ಕಳು

ಈಗ ದೊಡ್ಡಮ್ಮನ ಕಥೆ. ಅವಳು ಹುಟ್ಟಿದ್ದು 1960ರಲ್ಲಿ, ಸಿಟಿ ಮಾರ್ಕೆಟ್ ಹತ್ತಿರದ ವಾಣಿವಿಲಾಸ ಆಸ್ಪತ್ರೆಯಲ್ಲಿ. ಡಿಗ್ರಿ ಮುಗಿಸಿ, ನರ್ಸಿಂಗ್ ಕಲಿತು, 1985ರಲ್ಲಿ ಇಂಗ್ಲೆಂಡಿಗೆ ಹೋದಳು. ಅಲ್ಲೇ ಒಬ್ಬ ಇಂಗ್ಲಿಷರವರನ್ನ ಮದುವೆ ಆದಳು. ಮನೆಯಲ್ಲಿ ಎರಡು ವರ್ಷ ಮಾತಿಲ್ಲ. ಆಮೇಲೆ ಮಗು ಹುಟ್ಟಿದಾಗ ಅಜ್ಜಿಯೇ ಮೊದಲು ಕಾಗದ ಬರೆದಳು. ಆ ಮಗು ನಮ್ಮಣ್ಣ, 1990ರ ಅಕ್ಟೋಬರ್. ಅವನ ತಂಗಿ, ಅಂದ್ರೆ ನಮ್ಮಕ್ಕ, ಹುಟ್ಟಿದ್ದು 1993ರ ಮಾರ್ಚ್. ಇಬ್ಬರೂ ಹುಟ್ಟುವಾಗ ದೊಡ್ಡಮ್ಮನ ಕೈಯಲ್ಲಿ ಇದ್ದಿದ್ದು ಭಾರತದ ಪಾಸ್‌ಪೋರ್ಟೇ.

ಇಬ್ಬರ ನಡುವೆ ಒಂದು ತಾರೀಕು ಇದೆ: 1992ರ ಡಿಸೆಂಬರ್ 10. ಅವತ್ತು ಜಾರಿಗೆ ಬಂದ ತಿದ್ದುಪಡಿ 4ನೇ ಸೆಕ್ಷನ್ನಿಗೆ ತಾಯಿಯನ್ನ ಸೇರಿಸಿತು. ಅಂದಿನಿಂದ ಹೊರದೇಶದಲ್ಲಿ ಹುಟ್ಟುವ ಮಗುವಿಗೆ ತಂದೆ ತಾಯಿಯಲ್ಲಿ ಯಾರೊಬ್ಬರು ಭಾರತದ ಪ್ರಜೆಯಾಗಿದ್ದರೂ ವಂಶದ ಪೌರತ್ವ ಸಿಗುತ್ತೆ. ಆದರೆ ಹಳಬರಿಗೆ ಅದು ಅನ್ವಯಿಸಲಿಲ್ಲ. ಹಾಗಾಗಿ ಕಾಗದದ ಲೆಕ್ಕದಲ್ಲಿ ಅಕ್ಕ ಹುಟ್ಟುತ್ತಲೇ ಭಾರತದ ಪ್ರಜೆ, ಅಣ್ಣ ಅಲ್ಲ. ಒಂದೇ ಹೊಟ್ಟೆ, ಒಂದೇ ಆಸ್ಪತ್ರೆ, ಎರಡೂವರೆ ವರ್ಷದ ಅಂತರ.

ಅಕ್ಕನಿಗೂ ಅದು ಉಳಿಯಲಿಲ್ಲ. ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶ ಇಲ್ಲ. 2004ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಹೀಗೆ ಎರಡೂ ಕಡೆಯ ಪ್ರಜೆಯಾಗಿ ಹುಟ್ಟಿದ ಮಗು 18 ತುಂಬಿ ಆರು ತಿಂಗಳೊಳಗೆ ಇನ್ನೊಂದು ದೇಶದ ಪೌರತ್ವ ಬಿಡಬೇಕು, ಇಲ್ಲಾಂದ್ರೆ ಭಾರತದ್ದು ಹೋಗುತ್ತೆ. 2011ರಲ್ಲಿ ಅಕ್ಕ ಪರೀಕ್ಷೆಗೆ ಓದಿಕೊಳ್ತಿದ್ದಳು. ತನ್ನ ಹತ್ತಿರ ಒಂದು ಪೌರತ್ವ ಇತ್ತು, ಅದು ಹೋಯ್ತು ಅನ್ನೋದು ಅವಳಿಗೆ ಗೊತ್ತಾಗಿದ್ದೇ ನಾನು ಈ ಎಪಿಸೋಡಿಗೆ ಓದುವಾಗ!

ಈ ಬದಲಾವಣೆ ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಬ್ರಿಟನ್ 1983ರಿಂದ ತಾಯಿಯನ್ನೂ ಎಣಿಸೋಕೆ ಶುರು ಮಾಡಿತ್ತು. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಯೂನಿಟಿ ಡೌ ಅನ್ನೋ ವಕೀಲೆ ಅಮೆರಿಕದವರನ್ನ ಮದುವೆಯಾಗಿದ್ದರು. ಅವರು ತಮ್ಮದೇ ದೇಶದಲ್ಲಿ ಹೆತ್ತ ಮಕ್ಕಳು, ಅಪ್ಪ ವಿದೇಶಿ ಅನ್ನೋ ಕಾರಣಕ್ಕೆ, ಅಲ್ಲಿನ ಪ್ರಜೆಗಳಾಗಿರಲಿಲ್ಲ. ಆಕೆ ಸರ್ಕಾರದ ಮೇಲೆ ಕೇಸ್ ಹಾಕಿ, 1992ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದರು. ನಮ್ಮ ತಿದ್ದುಪಡಿ ಬಂದಿದ್ದೂ ಅದೇ ವರ್ಷ.

ಗಡಿ ದಾಟಿದರೆ ಕಾಣಕೋಣ

ಅಜ್ಜಿಯ ಹುಟ್ಟೂರು ಮೊಮ್ಮಕ್ಕಳ ಹಣೆಬರಹ ಹೇಗೆ ಬದಲಿಸುತ್ತೆ ಅನ್ನೋದು ನೋಡಬೇಕಾ? ಕಾರವಾರಕ್ಕೆ ಹೋಗಿ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಗೋವಾದ ಕಾಣಕೋಣ. ಎರಡೂ ಕಡೆ ಕೊಂಕಣಿ ಮಾತು, ಎರಡೂ ಕಡೆ ನೆಂಟಸ್ತಿಕೆ. ಆದರೆ 1961ರ ಡಿಸೆಂಬರ್ 19ರವರೆಗೆ ಆ ಕಡೆ ಪೋರ್ಚುಗಲ್ ಆಡಳಿತ.

ಭಾರತದ ಸೇನೆ ಗೋವಾವನ್ನ ಬಿಡುಗಡೆ ಮಾಡಿದ ಮೇಲೆ, 1962ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ತಾವಾಗಲಿ, ತಂದೆ ತಾಯಿಯಾಗಲಿ, ಅಜ್ಜ ಅಜ್ಜಿಯರಲ್ಲಿ ಯಾರಾದರೂ ಆಗಲಿ, 1961ರ ಡಿಸೆಂಬರ್ 20ಕ್ಕೆ ಮುಂಚೆ ಗೋವಾ, ದಮನ್, ದಿಯುನಲ್ಲಿ ಹುಟ್ಟಿದ್ದರೆ ಅವರು ಭಾರತದ ಪ್ರಜೆಗಳು. ಬೇಡ ಅನ್ನುವವರು ಒಂದು ತಿಂಗಳಲ್ಲಿ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟು ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡವರಲ್ಲಿ ಮೊಂತೆರೊ ಅನ್ನೋ ಒಬ್ಬ ಪಾದ್ರಿ ಇದ್ದರು. ಆಮೇಲೆ ಪರವಾನಗಿ ಇಲ್ಲದೆ ಹುಟ್ಟಿದ ಊರಲ್ಲೇ ಉಳಿದಿದ್ದಕ್ಕೆ ವಿದೇಶಿಯರ ಕಾಯ್ದೆಯಡಿ ಅವರಿಗೆ ಶಿಕ್ಷೆ ಆಯ್ತು. 1969ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಪೋರ್ಚುಗಲ್ ಮಾತ್ರ ತನ್ನ ಕಡೆಯ ಲೆಕ್ಕ ಮುಚ್ಚಲಿಲ್ಲ. 1974ರ ಕೊನೆಗೆ ಗೋವಾ ಭಾರತದ್ದು ಅಂತ ಒಪ್ಪಂದಕ್ಕೆ ಸಹಿ ಹಾಕಿತು. ಆದರೆ 1961ಕ್ಕೆ ಮುಂಚೆ ಅಲ್ಲಿ ಹುಟ್ಟಿದವರನ್ನ ತನ್ನ ಪ್ರಜೆಗಳು ಅಂತ ಪರಿಗಣಿಸೋದು ಬಿಡಲಿಲ್ಲ. ಅವರು ಲಿಸ್ಬನ್‌ನಲ್ಲಿ ತಮ್ಮ ಜನನ ನೋಂದಾಯಿಸಿದರೆ, ಮಕ್ಕಳಿಗೂ ದಾರಿ ತೆರೆಯುತ್ತೆ. 1986ರಲ್ಲಿ ಪೋರ್ಚುಗಲ್ ಯುರೋಪಿನ ಒಕ್ಕೂಟ ಸೇರಿದ ಮೇಲೆ ಆ ಪಾಸ್‌ಪೋರ್ಟಿನ ಬೆಲೆ ಎಲ್ಲಿಗೋ ಹೋಯ್ತು. ಕಾಣಕೋಣದಲ್ಲಿ ಹೆರಿಗೆಯಾದ ತಾಯಿಯ ಮಗನಿಗೆ ಯುರೋಪ್ ತೆರೆದಿದೆ. ಕಾರವಾರದಲ್ಲಿ ಹೆರಿಗೆಯಾದ ಅವಳ ಅಕ್ಕನ ಮಗನಿಗೆ ಇಲ್ಲ. ತೆಗೆದುಕೊಂಡವನಿಗೂ ಒಂದು ಬೆಲೆ ಇದೆ. ಆ ಪೌರತ್ವ ಸ್ವೀಕರಿಸಿದ ದಿನವೇ ಭಾರತದ್ದು ಹೋಗುತ್ತೆ.

ನಿಮ್ಮ ಕಥೆಯೂ ಇದೇ

ಇದೆಲ್ಲ ಫಾರಿನ್‌ನವರ ತಲೆನೋವು, ನಮಗೇನು ಅಂತ ಬಿಟಿಎಂ ಲೇಔಟಿನ ಪಿಜಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳ್ತಿರೋರು ಅಂದುಕೊಳ್ಳಬಹುದು. ಸ್ವಲ್ಪ ಇರಿ.

ನೀವು ಹುಟ್ಟಿದ್ದು 1987ರ ಜುಲೈ 1ಕ್ಕೆ ಮುಂಚೆನಾ, ಆಮೇಲಾ? ಮುಂಚೆ ಆದರೆ, ಭಾರತದ ಮಣ್ಣಲ್ಲಿ ಹುಟ್ಟಿದ್ದೇ ಸಾಕು. ಆಮೇಲೆ ಹುಟ್ಟಿದವರಿಗೆ ಅದು ಸಾಲದು. ಹುಟ್ಟುವಾಗ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತದ ಪ್ರಜೆ ಆಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಇನ್ನೂ ಬಿಗಿ: ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರು ಆಗಿರಬಾರದು. ಬಾಂಗ್ಲಾದೇಶ, ಶ್ರೀಲಂಕಾ ಕಡೆಯಿಂದ ಬಂದ ಜನರ ಸಂಖ್ಯೆ ದೊಡ್ಡ ರಾಜಕೀಯ ಪ್ರಶ್ನೆ ಆಗಿದ್ದ ಹೊತ್ತಲ್ಲಿ ಈ ಬಾಗಿಲು ಕಿರಿದಾಗೋಕೆ ಶುರುವಾಯ್ತು.

ಅಂದ್ರೆ ನಮ್ಮ ತಲೆಮಾರು ಬನಶಂಕರಿಯಲ್ಲೇ ಹುಟ್ಟಿ ಬನಶಂಕರಿಯಲ್ಲೇ ಬೆಳೆದಿದ್ದರೂ, ನಮ್ಮ ಪೌರತ್ವದಲ್ಲಿ ಅಪ್ಪ ಅಮ್ಮನ ಪಾಲು ಇದೆ. ನಾನು 1997ರವನು. ನನ್ನದು ಸಾಬೀತು ಮಾಡಬೇಕಾದರೆ ಅಮ್ಮನದೋ ಅಪ್ಪನದೋ ತೋರಿಸಬೇಕು.

ಕರ್ನಾಟಕದಲ್ಲೇ ಇದರ ಬಿಸಿ ತಟ್ಟಿದವರು ಬೈಲಕುಪ್ಪೆಯಂಥ ಕ್ಯಾಂಪ್‌ಗಳಲ್ಲಿ ಹುಟ್ಟಿದ ಟಿಬೆಟನ್ನರು. 1960ರ ದಶಕದಿಂದ ಇಲ್ಲಿ ಬೇರೂರಿದ ಕುಟುಂಬಗಳ ಮಕ್ಕಳು ಅವರು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ನಿರಾಶ್ರಿತರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು ಅಂತ ಕೋರ್ಟ್‌ಗಳು ಹೇಳಿವೆ. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್. ಅದೇ ಕ್ಯಾಂಪಿನಲ್ಲಿ 1988ರಲ್ಲಿ ಹುಟ್ಟಿದ ತಮ್ಮನಿಗೆ ಮಣ್ಣೊಂದೇ ಸಾಲದು. ಅಣ್ಣ ತಂಗಿ ನಡುವೆ ತಾರೀಕು ಗೆರೆ ಎಳೆಯೋದು ನಮ್ಮನೆಯಲ್ಲಿ ಮಾತ್ರ ಅಲ್ಲ.

ಇನ್ನು ಒಸಿಐ. ಹೆಸರಲ್ಲಿ 'ಸಿಟಿಜನ್' ಇದ್ದರೂ ಅದು ಪೌರತ್ವ ಅಲ್ಲ. 1999ರಲ್ಲಿ ಬಂದ ಪಿಐಒ ಕಾರ್ಡಿಗೆ ಮೊದಲು 1000 ಡಾಲರ್ ಶುಲ್ಕ ಇತ್ತು. 2006ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ಮೊದಲ ಒಸಿಐ ಕಾರ್ಡ್‌ಗಳನ್ನ ಹಂಚಿದರು. 2015ರಲ್ಲಿ ಎರಡೂ ಒಂದಾದವು, ಮರಿಮಕ್ಕಳಿಗೂ ಅವಕಾಶ ಆಯ್ತು. ಕಾರ್ಡ್ ಇದ್ದವರು ಜೀವನಪೂರ್ತಿ ವೀಸಾ ಇಲ್ಲದೆ ಬರಬಹುದು. ಓಟು ಹಾಕೋ ಹಾಗಿಲ್ಲ, ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ಈ ಹಕ್ಕುಗಳನ್ನ ಸರ್ಕಾರ ಒಂದು ಅಧಿಸೂಚನೆಯಲ್ಲಿ ಬದಲಿಸಬಹುದು. ಒಸಿಐ ವಿದ್ಯಾರ್ಥಿಗಳಿಗೂ ವೃತ್ತಿಪರ ಕೋರ್ಸುಗಳ ಸೀಟಿಗೆ ಹಕ್ಕಿದೆ ಅಂತ ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತ್ತು. 2021ರ ಮಾರ್ಚ್ 4ಕ್ಕೆ ಕೇಂದ್ರದ ಅಧಿಸೂಚನೆ ಬಂದು, ಅವರಿಗೆ ಎನ್‌ಆರ್‌ಐ ಸೀಟು ಮಾತ್ರ ಅಂತಾಯ್ತು. ಆ ತಾರೀಕಿಗೆ ಮುಂಚೆ ಕಾರ್ಡ್ ಪಡೆದವರಿಗೆ ಇದು ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2023ರ ಫೆಬ್ರವರಿಯಲ್ಲಿ.

ಟ್ರಂಕಿನ ತಳದಲ್ಲಿ

ಈಗ ವಾಪಸ್ 4ನೇ ಟಿ ಬ್ಲಾಕಿಗೆ. ದೊಡ್ಡಮ್ಮ 1960ರಲ್ಲಿ ಇಲ್ಲೇ ಹುಟ್ಟಿದವಳು ಅಂತ ತೋರಿಸಿದರೆ ಸಾಕು, ಆ ಕಾಲದ 3ನೇ ಸೆಕ್ಷನ್ ಪ್ರಕಾರ ಅವಳು ಪ್ರಜೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಸಿಕ್ತು. ಅದರಲ್ಲಿ ಹುಟ್ಟಿದ ದಿನ ಇದೆ, ಹುಟ್ಟಿದ ಊರಿಲ್ಲ. ಇಡೀ ದೇಶಕ್ಕೆ ಒಂದೇ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಕ್ಕೆ ಮುಂಚಿನದ್ದು ಬೇಕು ಅಂದ್ರೆ ಹಳೇ ರಿಜಿಸ್ಟರ್ ಹುಡುಕಬೇಕು. ಮೂರು ಸಲ ಅಲೆದು ಹುಡುಕಿಸಿದೆ. ನಾಲ್ಕನೇ ಸಲ ಸಿಕ್ತು. ತಂದೆ ಹೆಸರು ಸರಿ, ತಾಯಿ ಹೆಸರು ಸರಿ, ತಾರೀಕು ಸರಿ. ಮಗುವಿನ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ಬರೆದಿದ್ದು ಇಷ್ಟೇ: 'ಹೆಣ್ಣು'.

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ಆಸ್ಪತ್ರೆಯವರು ಮೂರನೇ ದಿನಕ್ಕೇ ಬರಕೊಂಡರು. ನಾಮಕರಣ ಆಗಿದ್ದು ಹನ್ನೊಂದನೇ ದಿನಕ್ಕೆ. ಮತ್ತೆ ಹೋಗಿ ಹೆಸರು ಬರೆಸಬೇಕು ಅಂತ ಯಾರಿಗೆ ಗೊತ್ತಿತ್ತು?"

ಆ 'ಹೆಣ್ಣು' ನಮ್ಮ ದೊಡ್ಡಮ್ಮನೇ ಅಂತ ತೋರಿಸೋಕೆ ಇನ್ನೊಂದು ಕಾಗದ ಬೇಕಾಯ್ತು. ಅದು ಟ್ರಂಕಿನ ತಳದಲ್ಲಿ ಹಾಸಿದ್ದ ಹಳೇ ಪೇಪರ್ ಅಡಿಯಲ್ಲಿತ್ತು. ಪ್ರೈಮರಿ ಸ್ಕೂಲಿನ ಟಿ.ಸಿ. ವಿದ್ಯಾರ್ಥಿನಿಯ ಹೆಸರು, ತಂದೆ ಹೆಸರು, ಹುಟ್ಟಿದ ತಾರೀಕು, ಹುಟ್ಟಿದ ಸ್ಥಳ: ಬೆಂಗಳೂರು. ಮಡಿಕೆಯಲ್ಲಿ ಹರಿದಿತ್ತು, ಆದರೆ ಅಕ್ಷರ ಚೆನ್ನಾಗಿ ಕಾಣ್ತಿತ್ತು. ನಾನು ಕ್ಯಾಮೆರಾ ಮುಂದೆ ಹಿಡಿದೆ. ಆ ಕಡೆ ಅಣ್ಣನಿಗೆ ಕನ್ನಡ ಓದೋಕೆ ಬರಲ್ಲ. "ಅದರಲ್ಲಿ ಅಮ್ಮನ ಹೆಸರು ಯಾವುದು, ತೋರಿಸು" ಅಂದ. ಬೆರಳಿಟ್ಟು ತೋರಿಸಿದೆ.

ಫೈಲ್ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.

ಅಜ್ಜಿ ಪ್ರಶ್ನೆಗೆ ಉತ್ತರ ಹೇಳ್ತೀನಿ ಅಂದಿದ್ದೆ ಅಲ್ವಾ? 1949ರ ಸಂವಿಧಾನವನ್ನ ಕೇಳಿದ್ದರೆ, ಮೊಮ್ಮಗನಿಗೆ ಅಜ್ಜಿ ಸಾಕು ಅಂತ ಅದು ಹೇಳ್ತಿತ್ತು. 1955ರ ಕಾಯ್ದೆ, ಅಜ್ಜಿ ಇದ್ದರೆ ಅರ್ಜಿ ಹಾಕು ಅಂತ ಹೇಳಿ, ಅವಳ ಮಗಳನ್ನ 37 ವರ್ಷ ಹೊರಗೆ ನಿಲ್ಲಿಸಿತು. ಇವತ್ತಿನ ಒಸಿಐ ಅಜ್ಜಿಯನ್ನ ಮತ್ತೆ ಒಪ್ಪುತ್ತೆ, ಆದರೆ ಅಜ್ಜಿಯ ಮಾತನ್ನಲ್ಲ, ಅವಳ ಕಾಗದವನ್ನ. ನಮ್ಮ ಅಜ್ಜಿ ಚಾಮರಾಜಪೇಟೆಯ ಮನೆಯಲ್ಲಿ ಹುಟ್ಟಿದ್ದಕ್ಕೆ ಕಾಗದವೇ ಇಲ್ಲ. ಹಾಗಾಗಿ ಎಲ್ಲ ಭಾರ ಆ ಹೆಸರಿಲ್ಲದ ಎಂಟ್ರಿ ಮೇಲೆ, ಹರಿದ ಟಿ.ಸಿ. ಮೇಲೆ ಬಿತ್ತು.

ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಅಟ್ಟದ ಟ್ರಂಕು ಇಳಿಸಿ. ಟಿ.ಸಿ., ಮಾರ್ಕ್ಸ್ ಕಾರ್ಡು, ಹಳೇ ಪಾಸ್‌ಪೋರ್ಟು, ಸಿಕ್ಕಿದ್ದೆಲ್ಲ ಸ್ಕ್ಯಾನ್ ಮಾಡಿಡಿ. ಯಾವ ಮನೆ, ಯಾವ ಆಸ್ಪತ್ರೆ, ಯಾವ ಊರು ಅಂತ ಅವರ ಬಾಯಲ್ಲೇ ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ನಾನು ಮೈಕ್ ಹಿಡಿದು ಕೂತಾಗ ಅಜ್ಜಿ ಮೊದಲು ಹೇಳಿದ್ದು, "ಮೊದಲು ಕಾಫಿ ಕುಡಿ, ಆಮೇಲೆ ಹೇಳ್ತೀನಿ" ಅಂತ. ಅದೂ ರೆಕಾರ್ಡ್ ಆಗಿದೆ. ಮುಂದಿನ ವಾರ ಸಿಗೋಣ. ನಮಸ್ಕಾರ.